ಬಾಣಕ್ಕೂ ಒಂದು ಮರ್ಯಾದೆಯಿತ್ತು

ಬೇಟೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೋವಿ. ಆದರೆ ಮನುಷ್ಯನ ಇತಿಹಾಸದಲ್ಲಿ ಕೋವಿ ನಿನ್ನೆ ಮೊನ್ನೆಯದು. ಅದಕ್ಕೂ ಮುನ್ನ ಸಾವಿರಾರು ವರ್ಷಗಳ ಕಾಲ ಅವನ ಕೈಯಲ್ಲಿದ್ದುದು ಬಿಲ್ಲು. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಕಾಡಂಚಿನ ಊರುಗಳಲ್ಲಿ ಬೇಟೆಯ ಮಾತು ಇಂದಿಗೂ ಆಗಾಗ ಏಳುತ್ತದೆ. ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ ಚಿತ್ರೀಕರಣಗೊಂಡು 2022ರಲ್ಲಿ ತೆರೆಕಂಡ ‘ಕಾಂತಾರ’ ಸಿನಿಮಾದ ನಂತರವಂತೂ ಕಾಡು, ಹಂದಿ ಬೇಟೆ, ಅರಣ್ಯ ಇಲಾಖೆ ಇವು ಮನೆಮನೆಯ ಚರ್ಚೆಯಾದವು. ಆ ಚರ್ಚೆಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ನಮ್ಮ ಹಿರಿಯರು ಬೇಟೆಯಾಡುತ್ತಿದ್ದರಲ್ಲ, ನಾವೇಕೆ ಆಡಬಾರದು? ಇದಕ್ಕೆ ಉತ್ತರ ಬೇಕಿದ್ದರೆ ಹಿರಿಯರು ಹೇಗೆ ಬೇಟೆಯಾಡಬೇಕೆಂದು ಬಗೆದಿದ್ದರು ಎಂಬುದನ್ನು ನಾವು ಮೊದಲು ತಿಳಿಯಬೇಕು.

ಬಾಣ ಕೊಲ್ಲುವ ಬಗೆಯೇ ಬೇರೆ. ಕೋವಿಯ ಗುಂಡು ತನ್ನ ಹೊಡೆತದ ರಭಸದಿಂದಲೂ ಪ್ರಾಣಿಯನ್ನು ಕೆಡಹುತ್ತದೆ. ಬಾಣಕ್ಕೆ ಆ ರಭಸವಿಲ್ಲ; ಅದು ಕೊಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ಆದ್ದರಿಂದ ಅಲಗು ಅಗಲವಾಗಿರಬೇಕು, ಕ್ಷೌರದ ಕತ್ತಿಯಷ್ಟು ಹರಿತವಾಗಿರಬೇಕು. ಕಡ್ಡಿ ನೇರವಾಗಿರಬೇಕು, ಒಳಹೊಗುವಷ್ಟು ತೂಕವಿರಬೇಕು, ಬಿಲ್ಲಿನ ಬಲಕ್ಕೆ ಒಪ್ಪುವಷ್ಟು ಗಟ್ಟಿಯಿರಬೇಕು. ಗರಿ ಸರಿಯಿಲ್ಲದಿದ್ದರೆ ಬಾಣ ಓಲಾಡುತ್ತದೆ. ಹರಿತವಾದ ಅಲಗು ಮುಂಗಾಲಿನ ಹಿಂದೆ ಎರಡೂ ಶ್ವಾಸಕೋಶಗಳನ್ನು ಹಾಯ್ದರೆ ಜಿಂಕೆ ಸ್ವಲ್ಪ ದೂರ ಓಡಿ ಬೀಳುತ್ತದೆ. ಮೊಂಡು ಅಲಗು ಹೊಟ್ಟೆಗೆ ತಗುಲಿದರೆ ಅದೇ ಜಿಂಕೆ ಗಾಯ ಹೊತ್ತು ಪೊದೆಯೊಳಗೆ ನುಗ್ಗಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಅಲಗು ಮಸೆಯುವ ಕಲ್ಲಿನಲ್ಲೇ ಬೇಟೆಗಾರನ ನೀತಿ ಆರಂಭವಾಗುತ್ತಿತ್ತು ಎಂದರೆ ತಪ್ಪಾಗದು.

ನಮ್ಮ ನಾಡಿನವರಿಗೆ ಈ ವಿವೇಕ ಹೊಸದಲ್ಲ. ಬಾಣಕ್ಕೆ ಕನ್ನಡದಲ್ಲಿ ಅಂಬು, ಕಣೆ, ಸರಳು ಎಂದೆಲ್ಲ ಹೆಸರುಗಳಿವೆ. ಕ್ಷುರಪ್ರ, ಭಲ್ಲ, ಅರ್ಧಚಂದ್ರ, ನಾರಾಚ ಎಂದು ಬಾಣಗಳನ್ನು ವಿಂಗಡಿಸಿ ಹೇಳಿದ್ದಾರೆ. ಕ್ಷುರಪ್ರವೆಂದರೆ ಕ್ಷೌರದ ಕತ್ತಿಯಂಥ ಅಲಗಿನದು, ನಾರಾಚವೆಂದರೆ ಇಡಿಯಾಗಿ ಕಬ್ಬಿಣದ್ದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಬೇಟೆಗೂ ಸ್ಥಾನವಿದೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನ, ಹಂದಿಯೊಡನೆ ಕಾದಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಆ ಹಂದಿಯೂ ಅದೇ ಹೋರಾಟದಲ್ಲಿ ಸತ್ತಿತೆಂದು ಹೇಳಲು ಶಾಸನ ಮರೆಯಲಿಲ್ಲ.

ಆದರೆ ಬೇಟೆಯನ್ನು ಹೊಗಳಿದ ಪರಂಪರೆಯೇ ಅದರ ಅಂಕೆಯನ್ನೂ ಹೇಳಿತು. ದಶರಥ ಕಣ್ಣಿಗೆ ಕಾಣದ್ದಕ್ಕೆ, ಬರಿಯ ಸದ್ದನ್ನು ನಂಬಿ ಬಾಣ ಬಿಟ್ಟ. ಸತ್ತವನು ಕುರುಡ ತಂದೆತಾಯಿಯರ ಮಗ. ಪಾಂಡು ಕೂಡಿದ್ದ ಜಿಂಕೆಗಳ ಮೇಲೆ ಬಾಣ ಬಿಟ್ಟು ಶಾಪಕ್ಕೆ ಗುರಿಯಾದ. ಗುರಿ ಕಾಣದೆ ಹೊಡೆಯಬಾರದು, ಹೊಡೆಯಬಾರದ ಹೊತ್ತಿನಲ್ಲಿ ಹೊಡೆಯಬಾರದು ಎಂಬ ಎರಡು ಪಾಠಗಳು ಈ ಎರಡು ಕತೆಗಳಲ್ಲಿವೆ. ಬಾರ್ಕೂರಿನ ಬಸದಿಗಳು ಸಾರಿದ್ದು ಅಹಿಂಸೆಯನ್ನೇ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯೇ ಜನ್ಮಜನ್ಮಗಳ ದುಃಖಕ್ಕೆ ಕಾರಣವಾಗುತ್ತದೆ. ಇತ್ತ ತುಳುನಾಡಿನ ಜನ, ಬೆಳೆ ತಿನ್ನುವ ಹಂದಿಯನ್ನೇ ಪಂಜುರ್ಲಿಯೆಂದು ನಂಬಿ ಕೈಮುಗಿದರು.

ಇದೇ ಬಾರ್ಕೂರಿಗೆ 14ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಅಲ್ಲಿ ಮುಸ್ಲಿಮರ ನೆಲೆಯನ್ನು ಕಂಡ. ಅವರ ಧರ್ಮವೂ ಬೇಟೆಗೆ ಅನುಮತಿ ಕೊಟ್ಟೇ ಅಂಕೆ ಹಾಕಿತ್ತು. ಬಾಣದ ಬೇಟೆಯ ಬಗ್ಗೆ ಅದೀ ಬಿನ್ ಹಾತಿಮ್ ಕೇಳಿದಾಗ ಪ್ರವಾದಿಯವರು ನೀಡಿದ ಉತ್ತರ ಹದೀಸ್ ಗ್ರಂಥಗಳಲ್ಲಿದೆ. ಅಲ್ಲಾಹನ ಹೆಸರು ಹೇಳಿ ಬಿಟ್ಟ ಬಾಣದ ಮೊನೆ ಚುಚ್ಚಿ ಪ್ರಾಣಿ ಸತ್ತರೆ ತಿನ್ನಬಹುದು. ಅದರ ಅಡ್ಡಭಾಗ ಬಡಿದು ಸತ್ತರೆ ತಿನ್ನಬಾರದು. ಜಜ್ಜಿ ಕೊಂದದ್ದು ಆಹಾರವಲ್ಲ ಎಂಬುದು ಇದರ ಸಾರ. ಜೀವವಿರುವ ಯಾವುದನ್ನೂ ಗುರಿ ಅಭ್ಯಾಸಕ್ಕೆ ಕಟ್ಟಬಾರದೆಂಬ ನಿಷೇಧವೂ ಇದೆ. ಇಹ್ರಾಮ್ ಧರಿಸಿದವನಿಗೆ ನೆಲದ ಮೇಲಿನ ಬೇಟೆಯನ್ನು ಕುರ್‌ಆನ್ ನಿಷೇಧಿಸಿತು. ಮಕ್ಕಾದ ಹರಮ್ ಸೀಮೆಯಲ್ಲಿ ಬೇಟೆಗೆ ಎಬ್ಬಿಸುವುದೂ ಸಲ್ಲದು. ಕೈಯಲ್ಲಿ ಆಯುಧವಿದ್ದೂ ತಡೆದುಕೊಳ್ಳುವುದೇ ಇಲ್ಲಿ ಪರೀಕ್ಷೆ.

ಇಂದು ನಮ್ಮ ಕಾಡುಗಳೂ ಅಂಥದೇ ಕಾಪಿಟ್ಟ ಸೀಮೆಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಪರವಾನಗಿಯ ಬೇಟೆಗೆ ಅವಕಾಶವಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಕೊಲ್ಲೂರಿನ ಸುತ್ತಲಿನ ಮೂಕಾಂಬಿಕಾ ವನ್ಯಜೀವಿಧಾಮ 1974ರಲ್ಲಿ ಘೋಷಣೆಯಾಗಿ 2011ರಲ್ಲಿ ವಿಸ್ತಾರಗೊಂಡಿತು. ಅಭಯಾರಣ್ಯದೊಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ. ಕಡವೆ, ಜಿಂಕೆ, ಕಾಡುಕುರಿ, ಬರ್ಕ ಯಾವುದಕ್ಕೂ ಬಾಣ ಹೂಡುವಂತಿಲ್ಲ. ಬಾಣ ಎಷ್ಟೇ ಹರಿತವಾಗಿರಲಿ.

ಹಾಗೆಂದು ರೈತನ ನೋವು ಸುಳ್ಳಲ್ಲ. ರಾತ್ರೋರಾತ್ರಿ ಗದ್ದೆ ತೋಟ ಹಾಳಾದವನಿಗೆ ಅಹಿಂಸೆಯ ಉಪದೇಶ ಹೊಟ್ಟೆ ತುಂಬಿಸದು. ಸರಕಾರದ ಬೆಳೆಹಾನಿ ಪರಿಹಾರ ಸಕಾಲಕ್ಕೆ, ಸರಿಯಾದ ಮೊತ್ತದಲ್ಲಿ ಅವನ ಕೈಸೇರಬೇಕು. ಇದು ದಯೆಯಲ್ಲ, ಅವನ ಹಕ್ಕು. ಆದರೆ ಬೇಲಿಗೆ ಕಟ್ಟುವ ಉರುಳಿಗೆ ಹಿರಿಯರ ಹೆಸರು ಹೇಳುವುದು ನ್ಯಾಯವಲ್ಲ. ಬೈಕಿನ ಕ್ಲಚ್ ತಂತಿಯ ಉರುಳು ಗುರಿ ನೋಡುವುದಿಲ್ಲ, ಹೊತ್ತು ನೋಡುವುದಿಲ್ಲ. ಹಂದಿಗೆ ಒಡ್ಡಿದ್ದರಲ್ಲಿ ಚಿರತೆ ಸಿಕ್ಕಿ ನರಳುತ್ತದೆ, ಬಸುರಿ ಕಡವೆಯೂ ಸಿಕ್ಕಬಹುದು. ಬಿಲ್ಲು ಹಿಡಿದವನು ಪ್ರಾಣಿಯನ್ನು ಕಣ್ಣಾರೆ ನೋಡಲೇಬೇಕಿತ್ತು. ಉರುಳು ಒಡ್ಡಿದವನು ಮನೆಯಲ್ಲಿ ಮಲಗಿರುತ್ತಾನೆ.

ಹಿರಿಯರಿಂದ ನಾವು ಪಡೆಯಬೇಕಾದದ್ದು ಅವರ ಬಿಲ್ಲನ್ನಲ್ಲ, ಅವರು ಬಿಲ್ಲಿಗೆ ಹಾಕಿಕೊಂಡ ಅಂಕೆಯನ್ನು. ಕಾಡು ದಟ್ಟವಾಗಿದ್ದ ಕಾಲದಲ್ಲೇ ಬೇಟೆಗೆ ಇಷ್ಟೊಂದು ಕಟ್ಟುಪಾಡುಗಳು ಬೇಕಾಗಿದ್ದವು. ಕಾಡು ತುಂಡುತುಂಡಾಗಿರುವ ಈ ಕಾಲದಲ್ಲಿ ಅದೇ ವಿವೇಕ ಬಾಣವನ್ನು ಬತ್ತಳಿಕೆಯಲ್ಲೇ ಇಡು ಎನ್ನುತ್ತದೆ.