ಇಪ್ಪತ್ತೊಂದನೆಯ ತಂತಿಯ ಕಥೆ

ಕಂಪ್ಯೂಟರಿನ ಕೀಲಿಮಣೆಗೂ ಅದರ ಮೆಮೊರಿಗೂ ಏನು ಸಂಬಂಧ? ಒಂದು ಅಕ್ಷರಗಳನ್ನು ಒಳಗೆ ಕಳುಹಿಸುವ ಸಾಧನ. ಇನ್ನೊಂದು ಅವನ್ನು ಕೂಡಿಡುವ ಉಗ್ರಾಣ. ಅಂಚೆಯವನಿಗೂ ಉಗ್ರಾಣದ ಬೀಗಕ್ಕೂ ಇರುವಷ್ಟೇ ಸಂಬಂಧ ಎಂದು ಯಾರಾದರೂ ಹೇಳಿಯಾರು. ಆದರೆ 1984ರಲ್ಲಿ ಐಬಿಎಂ ಕಂಪನಿ ಮಾರುಕಟ್ಟೆಗೆ ತಂದ ‘ಪಿಸಿ ಎಟಿ’ ಎಂಬ ಕಂಪ್ಯೂಟರಿನಲ್ಲಿ ಉಗ್ರಾಣದ ಬೀಗದ ಕೈ ಅಂಚೆಯವನ ಜೇಬಿನಲ್ಲೇ ಇತ್ತು. ಆ ಯಂತ್ರವನ್ನು ನಕಲು ಮಾಡಿದ ನೂರಾರು ಕಂಪನಿಗಳ ಕಂಪ್ಯೂಟರುಗಳಲ್ಲೂ ಇದೇ ಏರ್ಪಾಡು ಮುಂದುವರಿಯಿತು. ಮುಂದೆ ಆಪರೇಟಿಂಗ್ ಸಿಸ್ಟಮ್ ಬರೆದವರೆಲ್ಲ, ಯಂತ್ರ ಚಾಲೂ ಆದ ಕೂಡಲೇ ಮೊದಲು ಕೀಲಿಮಣೆಯ ಚಿಪ್‌ನ ಮುಂದೆ ನಿಂತು ‘ಸ್ವಲ್ಪ ಬಾಗಿಲು ತೆಗೆಯಪ್ಪ’ ಎಂದು ಕೇಳಿಕೊಳ್ಳಬೇಕಾಯಿತು.

ಈ ವಿಚಿತ್ರ ಹುಟ್ಟಿದ್ದು ಹೇಗೆ ಎಂಬುದನ್ನು ತಿಳಿಯಲು ಇನ್ನೂ ಮೂರು ವರ್ಷ ಹಿಂದಕ್ಕೆ ಹೋಗಬೇಕು.

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯ ಮೆದುಳು ಇಂಟೆಲ್ ಕಂಪನಿಯ 8088 ಪ್ರೊಸೆಸರ್. ಮೆಮೊರಿಯ ಯಾವ ಮನೆಯಲ್ಲಿ ಏನಿದೆ ಎಂದು ಕೇಳಲು ಅದಕ್ಕೆ 20 ತಂತಿಗಳಿದ್ದವು. ಒಂದೊಂದು ತಂತಿಯಲ್ಲೂ ವಿದ್ಯುತ್ ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿ. ಹೀಗೆ 20 ತಂತಿಗಳಿಂದ ಗುರುತಿಸಬಹುದಾದ ಮನೆಗಳ ಸಂಖ್ಯೆ 10,48,576. ಇದೇ ಒಂದು ಮೆಗಾಬೈಟ್. ಎಂಜಿನಿಯರುಗಳು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವವರಾದ್ದರಿಂದ ಈ ತಂತಿಗಳ ಹೆಸರು ಎ-0ಯಿಂದ ಎ-19ರವರೆಗೆ.

ಆದರೆ 8088 ವಿಳಾಸ ಲೆಕ್ಕ ಹಾಕುವ ಕ್ರಮದಲ್ಲಿ ಒಂದು ಸಣ್ಣ ವಿಶೇಷವಿತ್ತು. ಎರಡು ಸಂಖ್ಯೆಗಳನ್ನು ಕೂಡಿಸಿ ಅದು ವಿಳಾಸ ಪಡೆಯುತ್ತಿತ್ತು. ಕೂಡಿದ ಮೊತ್ತ ಒಮ್ಮೊಮ್ಮೆ ಒಂದು ಮೆಗಾಬೈಟಿನ ಗಡಿಯನ್ನು ಸ್ವಲ್ಪ ದಾಟಿಬಿಡುತ್ತಿತ್ತು. ಆಗ ಏನಾಗುತ್ತದೆ? ಹಳೆಯ ಸ್ಕೂಟರಿನ ಮೀಟರು 99999 ಕಿಲೋಮೀಟರ್ ಮುಟ್ಟಿದ ಮೇಲೆ 00000ಕ್ಕೆ ಮರಳುವುದಿಲ್ಲವೇ, ಹಾಗೆಯೇ ಇಲ್ಲೂ. ಮುಂದಿನ ಅಂಕಿಯನ್ನು ಹೊರುವ ತಂತಿಯೇ ಇಲ್ಲವಾದ್ದರಿಂದ ವಿಳಾಸ ಸುತ್ತಿಕೊಂಡು ಮೆಮೊರಿಯ ತೀರಾ ಆರಂಭಕ್ಕೆ ಬಂದು ಬೀಳುತ್ತಿತ್ತು. ಇದು ಯಾರೂ ಕೊಟ್ಟ ಸೌಲಭ್ಯವಲ್ಲ. ತಂತಿ ಸಾಲದೆ ಆದದ್ದು ಅಷ್ಟೇ.

ಆದರೆ ಹೀಗೆ ಸುಮ್ಮನೆ ಆದದ್ದನ್ನೂ ನಂಬಿ ಬದುಕುವವರು ಇರುತ್ತಾರೆ. ಪಿಸಿಗಿಂತ ಮೊದಲು ಸಣ್ಣ ಕಂಪ್ಯೂಟರುಗಳಲ್ಲಿ ‘ಸಿಪಿ/ಎಂ’ ಎಂಬ ಆಪರೇಟಿಂಗ್ ಸಿಸ್ಟಮ್ ಜನಪ್ರಿಯವಾಗಿತ್ತು. ಅದಕ್ಕೆ ಬರೆದ ಪ್ರೋಗ್ರಾಂಗಳು ವ್ಯವಸ್ಥೆಯ ನೆರವು ಬೇಕಾದಾಗಲೆಲ್ಲ ಮೆಮೊರಿಯ 5ನೆಯ ವಿಳಾಸಕ್ಕೆ ಹೋಗಿ ಕದ ತಟ್ಟುತ್ತಿದ್ದವು. ಅದರ ಪಕ್ಕದಲ್ಲೇ, 6ನೆಯ ವಿಳಾಸದಲ್ಲಿ, ಎಷ್ಟು ಮೆಮೊರಿ ಖಾಲಿ ಇದೆ ಎಂಬ ಲೆಕ್ಕವೂ ಸಿಗುತ್ತಿತ್ತು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಕಂಪನಿಯಲ್ಲಿದ್ದ ಟಿಮ್ ಪ್ಯಾಟರ್ಸನ್ 1980ರಲ್ಲಿ 86-ಡಾಸ್ ಬರೆದಾಗ, ಆ ಹಳೆಯ ಪ್ರೋಗ್ರಾಂಗಳನ್ನು ಹೊಸ ಪ್ರೊಸೆಸರಿಗೆ ತರುವುದು ಸುಲಭವಾಗಲಿ ಎಂದು ಈ ಪದ್ಧತಿಯನ್ನು ಉಳಿಸಿಕೊಂಡರು. ಇದೇ 86-ಡಾಸನ್ನು ಮೈಕ್ರೋಸಾಫ್ಟ್ 1981ರಲ್ಲಿ ಕೊಂಡುಕೊಂಡು ಎಂಎಸ್-ಡಾಸ್ ಮಾಡಿತು.

ಪ್ಯಾಟರ್ಸನ್ ಅವರ ಜಾಣ್ಮೆ ಇರುವುದು ಇಲ್ಲಿ. 5ನೆಯ ವಿಳಾಸದಲ್ಲಿ ‘ಇಂಥ ಕಡೆಗೆ ಹೋಗು’ ಎಂಬ ಆಜ್ಞೆ ಇರಬೇಕು. 6ನೆಯ ವಿಳಾಸದಲ್ಲಿ ಮೆಮೊರಿಯ ಲೆಕ್ಕ ಇರಬೇಕು. ಆದರೆ ಆಜ್ಞೆಯೇ ಐದು ಬೈಟು ಉದ್ದ. ಅದು 6 ಮತ್ತು 7ನ್ನೂ ಆಕ್ರಮಿಸುತ್ತದೆ. ಅಂದರೆ ಅದೇ ಎರಡು ಬೈಟುಗಳು ಒಂದು ಕಣ್ಣಿಗೆ ಮೆಮೊರಿಯ ಅಳತೆಯಾಗಿಯೂ ಇನ್ನೊಂದು ಕಣ್ಣಿಗೆ ಹೋಗಬೇಕಾದ ವಿಳಾಸದ ಭಾಗವಾಗಿಯೂ ಕಾಣಬೇಕು. ಅಳತೆ ಸರಿಹೋಗುವಂತೆ ಅಂಕಿ ಹಾಕಿ, ಉಳಿದ ಭಾಗವನ್ನು ಅದಕ್ಕೆ ಹೊಂದಿಸಿದಾಗ, ಕೂಡಿದ ವಿಳಾಸ ಒಂದು ಮೆಗಾಬೈಟಿನ ಗಡಿಯಾಚೆ 192ನೆಯ ಮನೆಗೆ ಹೋಯಿತು. ಗಡಿಯಾಚೆ ಏನೂ ಇಲ್ಲವಲ್ಲ! ಹಾಗಾಗಿ ಸ್ಕೂಟರಿನ ಮೀಟರಿನಂತೆ ಅದು ಸುತ್ತಿಕೊಂಡು ನೆಲದ ಮೇಲಿನ 192ನೆಯ ಮನೆಗೇ ಬಂತು. ಅಲ್ಲಿ ಡಾಸ್ ಕಾದು ಕುಳಿತಿತ್ತು.

1982ರಲ್ಲಿ ಇಂಟೆಲ್ 80286 ಪ್ರೊಸೆಸರನ್ನು ಪ್ರಕಟಿಸಿತು. ಇದಕ್ಕೆ 24 ತಂತಿಗಳು; ತಲುಪಬಹುದಾದ ಮೆಮೊರಿ 16 ಮೆಗಾಬೈಟ್. ಹಳೆಯ ಪ್ರೋಗ್ರಾಂಗಳಿಗಾಗಿ 8088ರಂತೆಯೇ ನಡೆದುಕೊಳ್ಳುವ ಒಂದು ಸ್ಥಿತಿಯೂ ಇದರಲ್ಲಿತ್ತು. ಆದರೆ ‘ಅಂತೆಯೇ’ ಎಂಬುದರಲ್ಲಿ ಒಂದು ಬಿರುಕಿತ್ತು. ಗಡಿ ದಾಟಿದ ವಿಳಾಸವನ್ನು ಹೊರಲು ಈಗ ಎ-20 ಎಂಬ ಇಪ್ಪತ್ತೊಂದನೆಯ ತಂತಿ ಇದೆ. ವಿಳಾಸ ಸುತ್ತಿಕೊಳ್ಳದೆ ನಿಜವಾಗಿಯೇ ಒಂದು ಮೆಗಾಬೈಟಿನ ಆಚೆಗೆ ಹೋಗುತ್ತದೆ. ಸುತ್ತನ್ನು ನಂಬಿದ ಪ್ರೋಗ್ರಾಂ ಯಾವುದೋ ಬಯಲಿನಲ್ಲಿ ಹೋಗಿ ನಿಲ್ಲುತ್ತದೆ.

ಇಂಥ ಪ್ರೋಗ್ರಾಂಗಳು ಬಹಳ ಇರಲಿಲ್ಲ. ಆದರೂ ಐಬಿಎಂ ಅಪಾಯ ಎದುರುಹಾಕಿಕೊಳ್ಳಲಿಲ್ಲ. ನಿನ್ನೆ ಕೊಂಡ ಪ್ರೋಗ್ರಾಂ ಇಂದಿನ ಯಂತ್ರದಲ್ಲಿ ಓಡದಿದ್ದರೆ ಗಿರಾಕಿ ಬೈಯುವುದು ಪ್ರೋಗ್ರಾಂ ಬರೆದವನನ್ನಲ್ಲ, ಯಂತ್ರ ಮಾರಿದವನನ್ನು. ಹಾಗಾಗಿ ಎ-20 ತಂತಿಯ ದಾರಿಯಲ್ಲಿ ಒಂದು ಗೇಟು ಇಡಲಾಯಿತು. ಗೇಟು ಮುಚ್ಚಿದ್ದರೆ ತಂತಿ ಸತ್ತಂತೆ, ಯಂತ್ರ ಹಳೆಯ ಪಿಸಿಯಂತೆ ನಡೆಯುತ್ತದೆ. ತೆರೆದರೆ ಪೂರ್ತಿ ಮೆಮೊರಿ ಸಿಗುತ್ತದೆ. ಸರಿ, ಗೇಟನ್ನು ತೆಗೆಯುವ ಮುಚ್ಚುವ ಕೆಲಸ ಯಾರಿಗೆ? ಹೊಸ ಯಂತ್ರದಲ್ಲಿ ಕೀಲಿಮಣೆಯನ್ನು ನೋಡಿಕೊಳ್ಳಲು ಇಂಟೆಲ್ 8042 ಎಂಬ ಪುಟ್ಟ ಚಿಪ್ ಇತ್ತು. ಅದರಲ್ಲಿ ಕೆಲಸವಿಲ್ಲದ ಕಾಲುಗಳು ಉಳಿದಿದ್ದವು. ಅದರಲ್ಲೊಂದನ್ನು ಗೇಟಿಗೆ ಜೋಡಿಸಿಬಿಟ್ಟರು. ಇನ್ನೊಂದು ಕಾಲನ್ನು ಪ್ರೊಸೆಸರನ್ನೇ ಮರುಚಾಲನೆ ಮಾಡಲು ಬಳಸಿದರು. 80286 ತನ್ನ ಹೊಸ ಸ್ಥಿತಿಗೆ ಒಮ್ಮೆ ಹೋದರೆ ಹಳೆಯದಕ್ಕೆ ಮರಳಲು ಬೇರೆ ದಾರಿ ಇರಲಿಲ್ಲವಾದ್ದರಿಂದ ಅದನ್ನು ಹೊಡೆದು ಎಬ್ಬಿಸುವ ಕೆಲಸವೂ ಕೀಲಿಮಣೆಯ ಚಿಪ್‌ಗೇ ಬಂತು.

ಅಗ್ಗದ ತೇಪೆ, ಆದರೆ ಮಂದಗತಿಯದು. 8042ಗೆ ಏನಾದರೂ ಹೇಳುವ ಮುನ್ನ ಅದು ಹಿಂದಿನ ಮಾತನ್ನು ಮುಗಿಸಿದೆಯೇ ಎಂದು ನೋಡಬೇಕು, ಆಜ್ಞೆ ಕೊಡಬೇಕು, ಮತ್ತೆ ಕಾಯಬೇಕು, ಆಮೇಲೆ ಅಂಕಿ ಕೊಡಬೇಕು, ಗೇಟು ತೆರೆಯುವವರೆಗೆ ಪುನಃ ಕಾಯಬೇಕು. ಎಷ್ಟು ಹೊತ್ತು ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. 1987ರ ಪಿಎಸ್/2 ಸಾಲಿನಲ್ಲಿ ಐಬಿಎಂ ಇದಕ್ಕೊಂದು ವೇಗದ ಅಡ್ಡದಾರಿ ಮಾಡಿತು. ನಕಲು ತಯಾರಕರಲ್ಲಿ ಕೆಲವರು ಆ ದಾರಿ ಹಿಡಿದರು, ಕೆಲವರು ಹಳೆಯದನ್ನೇ ಉಳಿಸಿಕೊಂಡರು, ಕೆಲವರು ತಮ್ಮದೇ ಮೂರನೆಯ ದಾರಿ ಕಡಿದರು.

ಇದರ ಫಲ ತಂತ್ರಾಂಶ ಬರೆಯುವವರ ತಲೆಯ ಮೇಲೆ. 1988ರಲ್ಲಿ ಮೈಕ್ರೋಸಾಫ್ಟ್ ‘ಹೈಮೆಮ್’ ಎಂಬ ಡ್ರೈವರನ್ನು ಹೊರತಂದಿತು. ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿಗೂ ಯಂತ್ರದ ಭಾಗಗಳಿಗೂ ನಡುವೆ ನಿಲ್ಲುವ ದುಭಾಷಿ. ಗಡಿಯಾಚೆಗಿನ ಮೊದಲ 65,520 ಬೈಟುಗಳನ್ನು ಡಾಸ್‌ಗೆ ಬಳಸಿಕೊಡುವುದು ಇದರ ಒಂದು ಕೆಲಸ. ಅದಕ್ಕೆ ಎ-20 ಗೇಟು ತೆರೆಯಬೇಕು. ತೆರೆಯುವ ರೀತಿ ಮಾತ್ರ ಒಂದಲ್ಲ. ಹಾಗಾಗಿ ಹೈಮೆಮ್ ತನ್ನೊಳಗೆ ಹದಿನೈದಕ್ಕೂ ಹೆಚ್ಚು ಯಂತ್ರಗಳ ಪಟ್ಟಿ ಇಟ್ಟುಕೊಂಡಿತು. ಎಚ್‌ಪಿ ವೆಕ್ಟ್ರಾ, ತೋಷಿಬಾ 1600, ಏಸರ್ 1100, ಟ್ಯುಲಿಪ್, ಫಿಲಿಪ್ಸ್, ವೈಸ್ ಹೀಗೆ. ಐಬಿಎಂನ ಎಟಿ ಬಗೆಯ ಯಂತ್ರಗಳಿಗೇ, ಕಾಯುವ ಹೊತ್ತು ಬೇರೆಯಾಗುವ ಕಾರಣಕ್ಕೆ, ಒಂದಕ್ಕಿಂತ ಹೆಚ್ಚು ನಮೂದು. ಡ್ರೈವರು ಯಂತ್ರವನ್ನು ತಾನಾಗಿ ಗುರುತಿಸದಿದ್ದರೆ ಬಳಕೆದಾರನೇ ಕೈಪಿಡಿ ತೆರೆದು ತನ್ನ ಯಂತ್ರದ ಸಂಖ್ಯೆ ಹುಡುಕಿ ಬರೆಯಬೇಕಿತ್ತು. ಆ ಕಾಲದಲ್ಲಿ ಕಂಪ್ಯೂಟರ್ ತರಗತಿಗೆ ಹೋದವರಿಗೆ ಕಾನ್ಫಿಗ್ ಫೈಲಿನ ಮೊದಲಲ್ಲೇ ಬರುತ್ತಿದ್ದ ಹೈಮೆಮ್‌ನ ಸಾಲು ನೆನಪಿರಬಹುದು. ಅದು ಏಕೆ ಅಲ್ಲಿದೆ ಎಂದು ವಿವರಿಸಿದ ಮೇಷ್ಟರು ಕಡಿಮೆ.

1991ರ ಡಾಸ್ 5 ತನ್ನನ್ನೇ ಆ ಮೇಲಿನ ಜಾಗಕ್ಕೆ ಸಾಗಿಸಿಕೊಳ್ಳಬಲ್ಲದಾಯಿತು. ಕೆಳಗೆ ಹತ್ತಾರು ಕಿಲೋಬೈಟ್ ಖಾಲಿಯಾಯಿತು, ಎಲ್ಲರಿಗೂ ಸಂತೋಷ. ಆದರೆ ಕೆಲವು ಪ್ರೋಗ್ರಾಂಗಳು ಇದ್ದಕ್ಕಿದ್ದಂತೆ ‘ಅಡಕಗೊಳಿಸಿದ ಫೈಲು ಕೆಟ್ಟಿದೆ’ ಎಂಬ ಸಂದೇಶ ಕೊಟ್ಟು ನಿಂತವು. ಫೈಲು ಕೆಟ್ಟಿರಲಿಲ್ಲ. ಮೈಕ್ರೋಸಾಫ್ಟಿನದೇ ಒಂದು ಸಲಕರಣೆಯಿಂದ ಅವನ್ನು ಕುಗ್ಗಿಸಲಾಗಿತ್ತು. ಬಿಚ್ಚಿಕೊಳ್ಳುವಾಗ ಅವು ಹಳೆಯ ಸುತ್ತನ್ನು ನೆಚ್ಚಿದ್ದವು. ಆದರೆ ಮೆಮೊರಿಯ ಮೊದಲ 64 ಕಿಲೋಬೈಟಿನೊಳಗೆ ಕುಳಿತಾಗ ಮಾತ್ರ. ಡಾಸ್ ಆ ಜಾಗವನ್ನೇ ತುಂಬಿಕೊಂಡಿದ್ದಷ್ಟು ಕಾಲ ಇದು ಯಾರ ಗಮನಕ್ಕೂ ಬರಲಿಲ್ಲ. ಡಾಸ್ ಮೇಲಕ್ಕೆ ಹೋಯಿತು, ಪ್ರೋಗ್ರಾಂ ಕೆಳಗೆ ಇಳಿಯಿತು, ಗೇಟು ತೆರೆದಿತ್ತು. ಸಂದೇಶವನ್ನು ನಂಬಿ ಒಳ್ಳೆಯ ಫ್ಲಾಪಿಯನ್ನು ಎಸೆದವರೂ ಇದ್ದಿರಬೇಕು. ಮೈಕ್ರೋಸಾಫ್ಟ್ ‘ಲೋಡ್‌ಫಿಕ್ಸ್’ ಎಂಬ ಆಜ್ಞೆಯನ್ನು ಸೇರಿಸಿತು. ಪ್ರೋಗ್ರಾಂ 64 ಕಿಲೋಬೈಟಿಗಿಂತ ಮೇಲೆಯೇ ಕೂರುವಂತೆ ಕೆಳಗಿನ ಜಾಗವನ್ನು ಸುಮ್ಮನೆ ತುಂಬಿಡುವುದಷ್ಟೇ ಅದರ ಕೆಲಸ! ತೇಪೆಗೆ ತೇಪೆ.

ಅದೇ 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತನ್ನ 386 ಯಂತ್ರಕ್ಕಾಗಿ ಒಂದು ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು, ಬರೆಯುತ್ತಿದ್ದ. ಡಾಸ್‌ನ ಹಳೆಯ ಋಣ ಯಾವುದೂ ಅವನಿಗಿರಲಿಲ್ಲ. ಗೇಟು ಮಾತ್ರ ಅವನ ಯಂತ್ರದಲ್ಲೂ ಇತ್ತು. ಅದು ಮುಚ್ಚಿದ್ದರೆ ಒಂದು ಮೆಗಾಬೈಟ್ ಬಿಟ್ಟು ಒಂದು ಮೆಗಾಬೈಟ್ ಮಾಯ. ಕರ್ನೆಲ್ ಮೇಲೆ ಬರೆದದ್ದು ಕೆಳಗಿರುವುದನ್ನು ಅಳಿಸಿಹಾಕುತ್ತದೆ. ಆ ಸೆಪ್ಟೆಂಬರಿನಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಇದಕ್ಕೊಂದು ಪರೀಕ್ಷೆ ಇದೆ. ಸೊನ್ನೆಯ ವಿಳಾಸದಲ್ಲಿ ಒಂದು ಅಂಕಿ ಬರೆಯುವುದು, ಸರಿಯಾಗಿ ಒಂದು ಮೆಗಾಬೈಟ್ ಮೇಲೆ ಅದೇ ಅಂಕಿ ಕಾಣಿಸುತ್ತದೆಯೇ ಎಂದು ನೋಡುವುದು. ಕಂಡರೆ ಎರಡೂ ಒಂದೇ ಮನೆ, ಗೇಟು ಮುಚ್ಚಿದೆ. ಆಗ ಅಂಕಿ ಬದಲಿಸಿ ಮತ್ತೆ ನೋಡುವುದು. ಗೇಟು ತೆರೆಯದಿದ್ದರೆ ಯಂತ್ರ ಅಲ್ಲೇ ಅನಂತಕಾಲ ಸುತ್ತುತ್ತಿತ್ತು, ಒಂದು ಮಾತನ್ನೂ ಆಡದೆ.

2007ರಲ್ಲಿ ಎಚ್. ಪೀಟರ್ ಆ್ಯನ್ವಿನ್ ಲಿನಕ್ಸಿನ ಈ ಆರಂಭದ ಭಾಗವನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಅದರಲ್ಲಿ ಹದಿನಾರು ವರ್ಷಗಳ ಅನುಭವವೆಲ್ಲ ಕಾಣುತ್ತದೆ. ಗೇಟು ಆಗಲೇ ತೆರೆದಿದೆಯೇ ನೋಡು. ಇಲ್ಲದಿದ್ದರೆ ಯಂತ್ರದ ಬಯಾಸ್‌ಗೆ ಹೇಳು. ಬಯಾಸ್ ‘ಆಗಲಿ’ ಎಂದು ನಿಧಾನವಾಗಿ ಮಾಡುವ ಜಾತಿಯಾಗಿರಬಹುದು, ಇನ್ನೊಮ್ಮೆ ನೋಡು. ಆಮೇಲೆ ಕೀಲಿಮಣೆಯ ಚಿಪ್‌ಗೆ ಹೇಳು. ಕೆಲವು ಯಂತ್ರಗಳಲ್ಲಿ ಆ ಚಿಪ್ಪೇ ಇಲ್ಲ. ಇಲ್ಲದ ಚಿಪ್ಪನ್ನು ಓದಿದರೆ 255 ಎಂಬ ಅಂಕಿ ಬರುತ್ತದೆ. 32 ಬಾರಿ ಅದೇ ಬಂದರೆ ಚಿಪ್ ಇಲ್ಲವೆಂದು ತಿಳಿ. ಕೊನೆಗೆ ಪಿಎಸ್/2ರ ಅಡ್ಡದಾರಿ. ಅಲ್ಲೂ ಎಚ್ಚರ ಬೇಕು, ಪಕ್ಕದ ಬಿಟ್ ಮುಟ್ಟಿದರೆ ಯಂತ್ರವೇ ಮರುಚಾಲನೆಯಾಗುತ್ತದೆ. ಇಷ್ಟನ್ನೂ 255 ಸಲ ಮಾಡಿ, ಆಗದಿದ್ದರೆ ಬಿಟ್ಟುಬಿಡು. ಈ ಬಾರಿ ಕಾರಣವನ್ನು ಪರದೆಯ ಮೇಲೆ ಹೇಳಿ.

ಇಷ್ಟು ಹೊತ್ತಿಗೆ ಗೇಟು ಪ್ರೊಸೆಸರಿನ ಒಳಕ್ಕೇ ಹೊಕ್ಕಿತ್ತು. 1989ರ 486 ಪ್ರೊಸೆಸರಿನಲ್ಲಿ ಇಂಟೆಲ್ ಕ್ಯಾಶ್ ಎಂಬ ಚಿಕ್ಕ ಮೆಮೊರಿಯನ್ನು ಚಿಪ್ಪಿನೊಳಗೇ ಇಟ್ಟಿತು. ಹೊರಗಿನ ತಂತಿಗೆ ಗೇಟು ಹಾಕಿದರೆ ಒಳಗಿನ ಕ್ಯಾಶ್‌ಗೆ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆಂದೇ ಪ್ರೊಸೆಸರಿಗೆ ಒಂದು ಹೊಸ ಕಾಲು ಕೊಡಬೇಕಾಯಿತು. ಒಂದು ಕಂಪನಿಯ ತೇಪೆ ಇನ್ನೊಂದು ಕಂಪನಿಯ ಚಿಪ್‌ನ ನಕ್ಷೆಯಲ್ಲಿ ಶಾಶ್ವತವಾದದ್ದು ಹೀಗೆ.

ಆ ಕಾಲಿಗೆ ಮೈಕ್ರೋಸಾಫ್ಟ್ ಇನ್ನೊಮ್ಮೆ ದಂಡ ತೆತ್ತಿತು. 2001ರಲ್ಲಿ ಬಂದ ಅದರ ‘ಎಕ್ಸ್‌ಬಾಕ್ಸ್’ ಆಟದ ಯಂತ್ರ ಇಂಟೆಲ್ ಪ್ರೊಸೆಸರಿನದು. ಕಂಪನಿ ಒಪ್ಪದ ಯಾವ ಪ್ರೋಗ್ರಾಮೂ ಅದರಲ್ಲಿ ಓಡಬಾರದೆಂದು 512 ಬೈಟಿನ ಒಂದು ಗುಪ್ತ ಕಾವಲು ಪ್ರೋಗ್ರಾಂ ಇಟ್ಟಿದ್ದರು. ಯಂತ್ರ ಚಾಲೂ ಆದಾಗ ಪ್ರೊಸೆಸರ್ ಮೊದಲು ಹೋಗುವುದು ಅದರ ಬಳಿಗೆ. ಡಾಸ್ ಎಂದೂ ಓಡದ ಈ ಯಂತ್ರಕ್ಕೆ ಎ-20 ಗೇಟಿನ ಅಗತ್ಯ ಲವಲೇಶವೂ ಇರಲಿಲ್ಲ, ಕಾಲು ಮಾತ್ರ ಅಲ್ಲೇ ಇತ್ತು. ಅದನ್ನು ನೆಲದ ತಂತಿಗೆ ಕಟ್ಟಿದರೆ ವಿಳಾಸದ ಒಂದು ಬಿಟ್ ಸೊನ್ನೆಯಾಗುತ್ತದೆ. ಪ್ರೊಸೆಸರ್ ಒಂದು ಮೆಗಾಬೈಟ್ ಕೆಳಗಿನಿಂದ ಓದಲು ಶುರು ಮಾಡುತ್ತದೆ. ಅಲ್ಲಿರುವುದು ಯಾರು ಬೇಕಾದರೂ ಬದಲಿಸಬಹುದಾದ ಚಿಪ್. ಕಾವಲುಗಾರನ ಪಕ್ಕದಲ್ಲೇ ಹಾದು ಒಳಹೋಗಲು ಸಾಧ್ಯ ಎಂಬುದನ್ನು ಹವ್ಯಾಸಿ ತಂತ್ರಜ್ಞರು ಕಂಡುಕೊಂಡರು.

ಹಳೆಯ ಹೊಂದಾಣಿಕೆಯ ಭಾರ ಎಷ್ಟು ದಿನ ಹೊರಬೇಕು ಎಂಬ ಪ್ರಶ್ನೆಗೆ ಇಂಟೆಲ್ ಕೊನೆಗೂ ಉತ್ತರಿಸಿತು. 2013ರ ‘ಹ್ಯಾಸ್ವೆಲ್’ ಪೀಳಿಗೆಯಿಂದ ಅದರ ಪ್ರೊಸೆಸರುಗಳಲ್ಲಿ ಎ-20 ಗೇಟಿಗೆ ಬೆಂಬಲವಿಲ್ಲ. ತಂತಿ ಸದಾ ತೆರೆದೇ ಇರುತ್ತದೆ. ಹೊಸ ಯಂತ್ರಗಳು ಸಾಮಾನ್ಯವಾಗಿ ಹಿಡಿಯುವ ಯುಇಎಫ್‌ಐ ಎಂಬ ಬೇರೆ ದಾರಿಯಲ್ಲಿ ಆ ಪರೀಕ್ಷೆಯ ಮಾತೇ ಬರುವುದಿಲ್ಲ. ಬಯಾಸ್‌ನ ಹಳೆಯ ದಾರಿಯಲ್ಲಿ ಏಳುವ ಯಂತ್ರಗಳಲ್ಲಿ ಮಾತ್ರ ಲಿನಕ್ಸ್ ಕರ್ನೆಲ್ ಈಗಲೂ 192ನೆಯ ಮನೆಯ ಹತ್ತಿರದಲ್ಲೇ ಇರುವ 512ನೆಯ ಮನೆಯಲ್ಲಿ ಒಂದು ಅಂಕಿ ಬರೆದು, ಒಂದು ಮೆಗಾಬೈಟ್ ಮೇಲೆ ಇಣುಕಿ ನೋಡಿ, ಗೇಟು ತೆರೆದಿದೆಯೆಂದು ಖಾತ್ರಿ ಮಾಡಿಕೊಂಡು ಮುಂದಕ್ಕೆ ಹೋಗುತ್ತದೆ.