ರಿಕನ್‌ಬ್ಯಾಕರ್ 4001: ಕುದುರೆ ಪಿಕಪ್‌ನ ಕೆಪಾಸಿಟರ್

ಅಮೆರಿಕದ ರಿಕನ್‌ಬ್ಯಾಕರ್ 4001 ಬೇಸ್ ಗಿಟಾರಿನ ಹಳೆಯ ಮಾದರಿಗಳಲ್ಲಿ, ಕುದುರೆಯ ಬದಿಯ ಪಿಕಪ್‌ನಿಂದ ಹೊರಡುವ ಸಂಕೇತದ ದಾರಿಯಲ್ಲೇ 0.0047 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಒಂದನ್ನು ಬೆಸೆಯಲಾಗಿರುತ್ತಿತ್ತು. ಅದಕ್ಕೆಂದು ಮೇಲುಗಡೆ ಗುಂಡಿಯಾಗಲಿ ಸ್ವಿಚ್ಚಾಗಲಿ ಇರಲಿಲ್ಲ. ವಾದ್ಯವನ್ನು ಬಿಚ್ಚಿ ನೋಡದವರಿಗೆ ಅದು ಇರುವುದೇ ತಿಳಿಯುತ್ತಿರಲಿಲ್ಲ. ಆದರೂ 4001ರ ನಾದ ಎಂದು ಕೇಳುಗರು ಗುರುತು ಹಿಡಿಯುವುದರಲ್ಲಿ ಅದರ ಪಾಲು ಸಣ್ಣದಲ್ಲ.

ಕ್ಯಾಲಿಫೋರ್ನಿಯಾದ ರಿಕನ್‌ಬ್ಯಾಕರ್ ಕಂಪನಿಯನ್ನು 1953ರಲ್ಲಿ ಎಫ್. ಸಿ. ಹಾಲ್ ಕೊಂಡರು. ಜರ್ಮನಿಯಿಂದ ಬಂದಿದ್ದ ವಿನ್ಯಾಸಕ ರೋಜರ್ ರಾಸ್‌ಮೈಸ್ಲ್ ರೂಪಿಸಿದ 4000 ಬೇಸ್ 1957ರಲ್ಲಿ ಹೊರಬಂತು. ಅದಕ್ಕಿದ್ದದ್ದು ಒಂದೇ ಪಿಕಪ್. 1961ರ 4001ಕ್ಕೆ ಕತ್ತಿನ ಬದಿಯಲ್ಲಿ ಇನ್ನೊಂದು ಸೇರಿತು. ಒಂದೊಂದಕ್ಕೂ ಬೇರೆ ವಾಲ್ಯೂಮ್, ಬೇರೆ ಟೋನ್.

ಬೇಸ್ ಗಿಟಾರಿನ ಟೋನ್ ಗುಂಡಿ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ನಾದದ ಚೂಪನ್ನು ಕೆಪಾಸಿಟರ್ ಮೂಲಕ ಗ್ರೌಂಡಿಗೆ ಹರಿಸಿ ದನಿಯನ್ನು ಮೆತ್ತಗಾಗಿಸುವುದು. 1951ರ ಫೆಂಡರ್ ಪ್ರಿಸಿಷನ್ ಬೇಸ್‌ನದೂ ಇದೇ ಕ್ರಮ. 4001ರ ಎರಡು ಟೋನ್ ಗುಂಡಿಗಳೂ 0.047 ಮೈಕ್ರೋಫ್ಯಾರಡ್‌ನ ಕೆಪಾಸಿಟರ್‌ಗಳೊಂದಿಗೆ ಹಾಗೆಯೇ ನಡೆದುಕೊಳ್ಳುತ್ತವೆ. ಅದರ ಹತ್ತನೇ ಒಂದು ಪಾಲಿನ ಮೂರನೆಯ ಕೆಪಾಸಿಟರ್ ಮಾತ್ರ ಪಕ್ಕದ ದಾರಿಯಲ್ಲಿಲ್ಲ, ಹೆದ್ದಾರಿಗೇ ಅಡ್ಡ ನಿಂತಿದೆ. ಸರಣಿಯಲ್ಲಿ ಕೂತ ಕೆಪಾಸಿಟರ್ ತಾರವನ್ನು ಬಿಟ್ಟುಕೊಟ್ಟು ಮಂದ್ರವನ್ನು ತಡೆಯುತ್ತದೆ. ಮಂದ್ರಕ್ಕೆಂದೇ ಹುಟ್ಟಿದ ವಾದ್ಯದಲ್ಲಿ ಇದು ವಿಚಿತ್ರವೇ ಸರಿ.

ತಡೆಯುವುದಾದರೂ ಎಷ್ಟು? ಮುಂದಿರುವ ಹೊರೆ ಎರಡೂವರೆ ಲಕ್ಷ ಓಮ್ ಎಂದು ಹಿಡಿದರೆ ಸುಮಾರು 135 ಹರ್ಟ್ಸ್‌ನಿಂದ ಕೆಳಗೆ ದನಿ ಸೊರಗುತ್ತ ಹೋಗುತ್ತದೆ. ಬೇಸ್‌ನ ಬಿಟ್ಟ ತಂತಿಗಳ ಮೂಲ ಕಂಪನಗಳೋ ಸುಮಾರು 41, 55, 73 ಮತ್ತು 98 ಹರ್ಟ್ಸ್. ನಾಲ್ಕೂ ಆ ಗೆರೆಯ ಕೆಳಗೇ ಬಂದವು. ಹಾಗಾಗಿ ಕುದುರೆ ಪಿಕಪ್ ಒಂದನ್ನೇ ನುಡಿಸಿದರೆ ದನಿ ತೆಳು, ಸದ್ದೂ ಕಡಿಮೆ. ಎರಡನ್ನೂ ಕೂಡಿಸಿದಾಗಲೇ ಈ ಜೋಡಣೆಯ ಹೊಂದಿಕೆ ಗೊತ್ತಾಗುವುದು: ಭಾರವನ್ನು ಕತ್ತಿನ ಪಿಕಪ್ ಹೊರುತ್ತದೆ, ಮೀಟಿನ ಖಣಖಣವನ್ನು ಕುದುರೆ ಪಿಕಪ್ ಒದಗಿಸುತ್ತದೆ. ಎರಡು ಪಿಕಪ್‌ಗಳನ್ನು ಬೇರೆ ಬೇರೆ ಆಂಪ್ಲಿಫೈಯರ್‌ಗಳಿಗೆ ಕಳಿಸುವ 'ರಿಕ್-ಒ-ಸೌಂಡ್' ಸ್ಟೀರಿಯೊ ವ್ಯವಸ್ಥೆಗೂ ಈ ಹಂಚಿಕೆ ಚೆನ್ನಾಗಿ ಒಗ್ಗಿತು.

1970ರ ದಶಕದಲ್ಲಿ ಯೆಸ್ ತಂಡದ ಕ್ರಿಸ್ ಸ್ಕ್ವಯರ್, ರಷ್ ತಂಡದ ಗೆಡ್ಡಿ ಲೀ ಈ ಕುಟುಂಬದ ಬೇಸ್‌ಗಳಿಂದ ಗುಂಪಿನ ನಡುವೆಯೂ ಸೀಳಿಕೊಂಡು ಕೇಳುವ ನಾದ ತೆಗೆದರು. ಅದರ ಯಶಸ್ಸನ್ನೆಲ್ಲ ಒಂದು ಕೆಪಾಸಿಟರಿಗೆ ಕಟ್ಟುವುದು ಉತ್ಪ್ರೇಕ್ಷೆ. ತಂತಿ, ಆಂಪ್ಲಿಫೈಯರ್, ಬೆರಳುಗಳ ಲೆಕ್ಕವೂ ಇದೆ.

ಅದೇ ಕಾಲದಲ್ಲಿ ತುಂಬು ದನಿ ಬೇಕೆಂದವರು ಕೆಪಾಸಿಟರಿನ ಎರಡು ಕಾಲುಗಳ ನಡುವೆ ತಂತಿ ತುಂಡೊಂದನ್ನು ಬೆಸೆದು ಅದನ್ನು ನಿಷ್ಕ್ರಿಯಗೊಳಿಸುತ್ತಿದ್ದರು. ಬೇಡವೆನಿಸಿದಾಗ ತಂತಿ ಕಿತ್ತರಾಯಿತು, ಹಳೆಯ ದನಿ ವಾಪಸ್. 4001ರ ಜಾಗಕ್ಕೆ ಬಂದ 4003ರಲ್ಲಿ ಕಂಪನಿಯೇ 1980ರ ದಶಕದ ನಡುವೆ ಈ ಬಿಡಿಭಾಗವನ್ನು ಕೈಬಿಟ್ಟಿತು. ಆದರೆ ಹಳೆಯ ನಾದ ಕೇಳುವವರು ಕಡಿಮೆಯಾಗಲಿಲ್ಲ. 21ನೇ ಶತಮಾನದ ಮೊದಲ ದಶಕದಲ್ಲಿ ಅದು 4003ಕ್ಕೆ ಮರಳಿತು, ಈ ಸಲ ಎಳೆದು ಒತ್ತುವ ಗುಂಡಿಯ ಹಿಂದೆ.