ಬೀದರ್‌ನ ಮಂತ್ರಿ ಮಹಮೂದ್ ಗಾವಾನ್ ಮತ್ತು ಫ್ರಾನ್ಸಿನ ಕಾರ್ಡಿನಲ್ ಬಾಲ್ಯೂ

ಕರಾವಳಿಯಿಂದ ಭಾಲ್ಕಿ, ಔರಾದ್ ಕಡೆಗೆ ಸೇವೆಗೆಂದು ಹೋಗುವ ಗುರುಗಳು, ಧರ್ಮಭಗಿನಿಯರು ಬೀದರ್ ನಗರದಲ್ಲಿ ಇಳಿದಾಗ ಮಹಮೂದ್ ಗಾವಾನರ ಮದರಸವನ್ನು ನೋಡಿಯೇ ಮುಂದೆ ಹೋಗಬೇಕೆಂದು ನಾವು ಹೇಳುತ್ತೇವೆ. ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿರುವ ಮೂರಂತಸ್ತಿನ ಈ ವಿದ್ಯಾಲಯ 1472ರಲ್ಲಿ ಕಟ್ಟಲ್ಪಟ್ಟಿತು. 1696ರಲ್ಲಿ ಮದ್ದು ಸಿಡಿದು ಅದರ ಒಂದು ಭಾಗ ಕುಸಿಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ.

ಗಾವಾನರು ಹುಟ್ಟಿದ್ದು ಪರ್ಷಿಯಾದ ಗೀಲಾನ್ ಪ್ರಾಂತ್ಯದಲ್ಲಿ, 1411ರ ಸುಮಾರಿಗೆ. ವ್ಯಾಪಾರಿಯಾಗಿ ದಾಭೋಲ್ ಬಂದರಿನಲ್ಲಿ ಇಳಿದು 1453ರ ಸುಮಾರಿಗೆ ಬೀದರ್ ಸೇರಿದರು. ಬಹಮನಿ ಸುಲ್ತಾನ ಹುಮಾಯೂನ್ ಶಾಹನು ಅವರಿಗೆ 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಒಡೆಯ ಎಂಬ ಬಿರುದನ್ನಿತ್ತನು. ಬಳಿಕ ಇಬ್ಬರು ಬಾಲ ಸುಲ್ತಾನರ ಕಾಲದಲ್ಲಿ ರಾಜಮಾತೆಯೊಡನೆ ರಾಜ್ಯಭಾರ ನಡೆಸಿ, 1466ರಲ್ಲಿ ಪ್ರಧಾನಮಂತ್ರಿಯಾದರು. 1472ರಲ್ಲಿ ವಿಜಯನಗರದ ಕೈಯಿಂದ ಗೋವೆಯನ್ನು, ನಮ್ಮಲ್ಲಿ ಅನೇಕರ ಹಿರಿಯರ ಆ ನಾಡನ್ನು, ಗೆದ್ದವರೂ ಇವರೇ.

ಆದರೆ ಗಾವಾನರ ನಿಜವಾದ ಆಯುಧ ಲೇಖನಿಯಾಗಿತ್ತು. ತುರ್ಕರ ಸುಲ್ತಾನ ಎರಡನೆಯ ಮೆಹಮದ್, ಪರ್ಷಿಯಾದ ಕವಿ ಜಾಮಿ ಮೊದಲಾದವರಿಗೆ ಅವರು ಬರೆದ ಪತ್ರಗಳು 'ರಿಯಾಜ್-ಉಲ್-ಇನ್ಶಾ' ಎಂಬ ಸಂಗ್ರಹದಲ್ಲಿವೆ.

ಅದೇ ಕಾಲದಲ್ಲಿ ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿಯ ಮಂತ್ರಿಯಾಗಿದ್ದವರು ಜಾನ್ ಬಾಲ್ಯೂ. ಸಾಧಾರಣ ಮನೆತನದವರು, 1467ರಲ್ಲಿ ಪೋಪ್ ಎರಡನೆಯ ಪೌಲರಿಂದ ಕಾರ್ಡಿನಲ್ ಪದವಿ ಪಡೆದರು. ದೊರೆಯ ವೈರಿ ಬರ್ಗಂಡಿಯ ಡ್ಯೂಕನಿಗೆ ಗುಟ್ಟಾಗಿ ಬರೆದ ಪತ್ರಗಳು ಸಿಕ್ಕಿಬಿದ್ದು 1469ರಲ್ಲಿ ಸೆರೆಯಾದರು. ಕಬ್ಬಿಣದ ಪಂಜರದಲ್ಲಿಟ್ಟಿದ್ದರೆಂಬ ಕಥೆಯನ್ನು ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. 1480ರಲ್ಲಿ ಬಿಡುಗಡೆಯಾಗಿ, ಮುಂದೆ ಪೋಪರ ರಾಯಭಾರಿಯಾಗಿ ಅದೇ ಫ್ರಾನ್ಸಿಗೆ ಹೋದರು. 1491ರಲ್ಲಿ ತೀರಿಕೊಂಡರು.

ಬಾಲ್ಯೂ ಪತ್ರ ಬರೆದದ್ದು ನಿಜ. ಗಾವಾನರು ಬರೆದಿರಲೇ ಇಲ್ಲ.

ಅವರು ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ಒಡೆದು, ಒಬ್ಬ ಪ್ರಾಂತ್ಯಾಧಿಕಾರಿಗೆ ಒಂದೇ ಕೋಟೆ ಎಂದು ಕಟ್ಟುಮಾಡಿದ್ದರು. ಅಧಿಕಾರ ಕಳೆದುಕೊಂಡ ಸರದಾರರು, ಮುದ್ರೆ ಕಾಯುವವನಿಗೆ ಕುಡಿಸಿ ಬರಿ ಕಾಗದಕ್ಕೆ ಮಂತ್ರಿಯ ಮುದ್ರೆ ಹಾಕಿಸಿಕೊಂಡರು. ಒರಿಸ್ಸಾದ ದೊರೆಯನ್ನು ದಂಡೆತ್ತಿ ಬರಲು ಕರೆಯುವ ಒಕ್ಕಣೆಯನ್ನು ಅದರಲ್ಲಿ ತುಂಬಿ ಸುಲ್ತಾನ ಮೂರನೆಯ ಮಹಮ್ಮದನ ಮುಂದಿಟ್ಟರು. ಅವನೂ ಕುಡಿದಿದ್ದನು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ ವೃದ್ಧ ಮಂತ್ರಿಯ ಮಾತನ್ನು ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಅವರ ತಲೆ ಕಡಿಸಿದನು.

ಕೊಳ್ಳೆ ಸಿಗುವುದೆಂದು ಮನೆ ಶೋಧಿಸಿದವರಿಗೆ ಹೆಚ್ಚೇನೂ ಸಿಗಲಿಲ್ಲ. ಗಾವಾನರು ಚಾಪೆಯ ಮೇಲೆ ಮಲಗಿ ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದರೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಪಶ್ಚಾತ್ತಾಪಪಟ್ಟ ಸುಲ್ತಾನನು 1482ರಲ್ಲಿ ಸತ್ತನು. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ತುಂಡಾಯಿತು. ಗಾವಾನರ ಗೋರಿ ಬೀದರ್ ನಗರದ ಹೊರವಲಯದಲ್ಲಿದೆ.